ಉಳಿದದ್ದು ಯಾರ ಪಾಲು?



ಒಂದು ಸಲಕ್ಕೆ 150 ಎಲೆ ಹಾಕಬಹುದಾದ ಭೋಜನಶಾಲೆ. ಮದುವೆಗೆ ಬಂದವರು 500 ಮಂದಿ. ಎಷ್ಟು ಪಂಕ್ತಿ ಬಡಿಸಬೇಕು? ಮೂರು ಪಂಕ್ತಿಗೆ 450 ಮಂದಿಯ ಊಟ ಮುಗಿಯುತ್ತದೆ. 50 ಮಂದಿ ಉಳಿಯುತ್ತಾರೆ. ಅಡುಗೆಯವರನ್ನು ಕೇಳಿದರೆ ಎರಡನೆಯ ಮಾತಿಲ್ಲದೆ ‘ನಾಲ್ಕು’ ಎನ್ನುತ್ತಾರೆ. ‘ಮೂರು ಪಂಕ್ತಿ, ಶೇಷ 50’ ಎಂದು ಯಾವ ಅಡುಗೆ ಭಟ್ಟರೂ ಹೇಳುವುದಿಲ್ಲ. ಉಳಿದ 50 ಮಂದಿಯನ್ನು ‘ಲೆಕ್ಕಕ್ಕೆ ಸಿಗಲಿಲ್ಲ, ಮನೆಗೆ ಹೋಗಿ’ ಎಂದು ಕಳುಹಿಸುವ ಯಜಮಾನನೂ ನಮ್ಮಲ್ಲಿ ಇಲ್ಲ.

ಶಾಲೆಯ ಮೆಟ್ಟಿಲನ್ನೇ ಹತ್ತದವರಿಗೂ ಗೊತ್ತಿರುವ ಈ ಸಂಗತಿ, ಅದೇ ಲೆಕ್ಕ ಕಾಗದದ ಮೇಲೆ ಬಂದಾಗ ಮರೆತುಹೋಗುತ್ತದೆ. ಸಂಕಲನ, ವ್ಯವಕಲನ, ಗುಣಾಕಾರ ಈ ಮೂರರಲ್ಲೂ ಉತ್ತರ ಬಂದೊಡನೆ ಕೆಲಸ ಮುಗಿಯಿತು. ಭಾಗಾಕಾರದ ಸ್ವಭಾವ ಹಾಗಲ್ಲ. ಅದು ಭಾಗಲಬ್ಧವನ್ನು ಕೊಟ್ಟು, ಪಕ್ಕದಲ್ಲಿ ಶೇಷವನ್ನೂ ಇಟ್ಟು ಸುಮ್ಮನಾಗುತ್ತದೆ. ಅದನ್ನು ಏನು ಮಾಡಬೇಕೆಂಬುದನ್ನು ಲೆಕ್ಕ ಹೇಳುವುದಿಲ್ಲ. ಲೆಕ್ಕ ಮಾಡಿದವರೇ ಅದನ್ನು ತೀರ್ಮಾನಿಸಬೇಕು.

ಲೆಕ್ಕ ಸರಿ, ಉತ್ತರ ತಪ್ಪು

ಅಮೆರಿಕದಲ್ಲಿ ಶಾಲಾ ಮಕ್ಕಳ ಕಲಿಕೆಯನ್ನು ಅಳೆಯಲು ರಾಷ್ಟ್ರಮಟ್ಟದ ಪರೀಕ್ಷೆಯೊಂದು ನಡೆಯುತ್ತದೆ. ಅದರಲ್ಲಿ 13 ವರ್ಷದ ಮಕ್ಕಳಿಗೆ ಕೇಳಿದ ಒಂದು ಪ್ರಶ್ನೆ, 1983ರಲ್ಲಿ ಫಲಿತಾಂಶ ಪ್ರಕಟವಾದ ಮೇಲೆ ಗಣಿತ ಶಿಕ್ಷಕರ ವಲಯದಲ್ಲಿ ಪ್ರಸಿದ್ಧವಾಯಿತು. ಪ್ರಶ್ನೆ ಇಷ್ಟೇ: ಸೈನ್ಯದ ಒಂದು ಬಸ್ಸಿನಲ್ಲಿ 36 ಸೈನಿಕರು ಕೂರಬಹುದು. 1128 ಸೈನಿಕರನ್ನು ತರಬೇತಿ ಸ್ಥಳಕ್ಕೆ ಒಯ್ಯಲು ಎಷ್ಟು ಬಸ್ಸು ಬೇಕು?

ಭಾಗಿಸಿ ನೋಡಿದರೆ ಭಾಗಲಬ್ಧ 31, ಶೇಷ 12. ನೂರಕ್ಕೆ ಸುಮಾರು 70 ಮಕ್ಕಳು ಇಷ್ಟನ್ನು ತಪ್ಪಿಲ್ಲದೆ ಮಾಡಿದ್ದರು. ಆದರೆ ಅವರಲ್ಲಿ 29 ಮಂದಿ ‘31, ಶೇಷ 12’ ಎಂದೇ ಉತ್ತರ ಬರೆದರು. ಇನ್ನು 18 ಮಂದಿ ಶೇಷವನ್ನು ಬಿಟ್ಟು ‘31’ ಎಂದರು. ‘32 ಬಸ್ಸು’ ಎಂಬ ಸರಿ ಉತ್ತರ ಕೊಟ್ಟವರು 23 ಮಂದಿ ಮಾತ್ರ.

ಆ ಮಕ್ಕಳಿಗೆ ಮಗ್ಗಿ ಬರುತ್ತಿರಲಿಲ್ಲವೇ? ಬರುತ್ತಿತ್ತು. ಭಾಗಿಸುವ ಕ್ರಮ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಅವರು ಎಡವಿದ್ದು ಕೊನೆಯ ಹೆಜ್ಜೆಯಲ್ಲಿ. ಬಂದ ಅಂಕಿಯನ್ನು ಹಿಡಿದುಕೊಂಡು ಪ್ರಶ್ನೆಯ ಬಳಿಗೆ ಮರಳಿ ಹೋಗಲಿಲ್ಲ. ಹೋಗಿದ್ದರೆ 12 ಮಂದಿ ಸೈನಿಕರು ಬಸ್ಸಿಲ್ಲದೆ ರಸ್ತೆಯಲ್ಲಿ ನಿಂತಿರುವುದು ಕಾಣುತ್ತಿತ್ತು. ‘ಶೇಷ 12’ ಎಂಬ ಹೆಸರಿನ ಬಸ್ಸು ಯಾವ ಡಿಪೋದಲ್ಲೂ ಇಲ್ಲವೆಂಬುದೂ ಹೊಳೆಯುತ್ತಿತ್ತು.

ಒಂದೇ ಲೆಕ್ಕ, ನಾಲ್ಕು ಉತ್ತರ

ಏಳನ್ನು ಎರಡರಿಂದ ಭಾಗಿಸಿದರೆ ಎಷ್ಟು? ‘ಮೂರು, ಶೇಷ ಒಂದು’ ಎಂದು ಮೂರನೆಯ ತರಗತಿಯ ಮಗುವೂ ಹೇಳುತ್ತದೆ. ಈಗ ಅದೇ ಲೆಕ್ಕವನ್ನು ನಾಲ್ಕು ಕಡೆ ಇಟ್ಟು ನೋಡಿ.

ಏಳು ಹೋಳಿಗೆಯನ್ನು ಇಬ್ಬರು ಮಕ್ಕಳಿಗೆ ಹಂಚಬೇಕು. ಉತ್ತರ ಮೂರೂವರೆ. ಉಳಿದ ಒಂದು ಹೋಳಿಗೆಯನ್ನು ತಾಯಿ ಮುರಿದು ಅರ್ಧರ್ಧ ಕೊಡುತ್ತಾಳೆ.

ಏಳು ಬುಗುರಿಗಳನ್ನು ಅದೇ ಇಬ್ಬರಿಗೆ ಹಂಚಬೇಕು. ಉತ್ತರ ಮೂರು. ಒಂದು ಬುಗುರಿ ಉಳಿಯುತ್ತದೆ. ಅದನ್ನು ಮುರಿದರೆ ಇಬ್ಬರಿಗೂ ಬುಗುರಿಯಿಲ್ಲ. ದರ್ಜಿಯ ಲೆಕ್ಕವೂ ಇದೇ ಜಾತಿಯದು. ಅಂಗಿಯೊಂದಕ್ಕೆ ಎರಡೂಕಾಲು ಮೀಟರಿನಂತೆ 10 ಮೀಟರ್ ಬಟ್ಟೆಯಲ್ಲಿ ನಾಲ್ಕು ಅಂಗಿಯಾಗುತ್ತದೆ, ಒಂದು ಮೀಟರ್ ಮಿಕ್ಕುತ್ತದೆ. ‘ನಾಲ್ಕೂ ಚಿಲ್ಲರೆ ಅಂಗಿ’ಯನ್ನು ತೊಟ್ಟವರಿಲ್ಲ.

ಕೋಣೆಗೆ ಇಬ್ಬರಂತೆ ಇರಬಹುದಾದ ಛತ್ರಕ್ಕೆ ಏಳು ಯಾತ್ರಿಕರು ಬಂದಿದ್ದಾರೆ. ಎಷ್ಟು ಕೋಣೆ ಬೇಕು? ಉತ್ತರ ನಾಲ್ಕು. ಏಳನೆಯವನು ಒಬ್ಬನೇ ಆದರೂ ಅವನಿಗೂ ಬಾಗಿಲು ತೆರೆಯಲೇಬೇಕು.

ಆಟದ ಬಯಲಿನಲ್ಲಿ ಏಳು ಮಕ್ಕಳು ಇಬ್ಬಿಬ್ಬರಾಗಿ ಜೋಡಿ ಕಟ್ಟುತ್ತಿದ್ದಾರೆ. ಜೋಡಿ ಸಿಗದೆ ಉಳಿಯುವವರು ಎಷ್ಟು ಮಂದಿ? ಉತ್ತರ ಒಂದು. ಇಲ್ಲಿ ಭಾಗಲಬ್ಧವನ್ನು ಕೇಳುವವರೇ ಇಲ್ಲ, ಶೇಷವೇ ಉತ್ತರ.

ಮೂರೂವರೆ, ಮೂರು, ನಾಲ್ಕು, ಒಂದು. ನಾಲ್ಕೂ ಸರಿ. ಹಂಚುವ ವಸ್ತು ಮುರಿಯುವಂಥದ್ದೇ? ಉಳಿದದ್ದನ್ನು ಬಿಟ್ಟರೆ ನಡೆಯುತ್ತದೆಯೇ? ಬಿಡುವುದಾದರೆ ಬಿಟ್ಟುಹೋಗುವುದು ಬಟ್ಟೆಯ ತುಂಡೋ, ಮನುಷ್ಯನೋ? ಈ ಪ್ರಶ್ನೆಗಳಿಗೆ ಉತ್ತರ ಮಗ್ಗಿ ಪುಸ್ತಕದಲ್ಲಿ ಸಿಗುವುದಿಲ್ಲ.

ಶೇಷವೇ ಉತ್ತರವಾದಾಗ

‘ಶೇಷ’ ಎಂಬ ಪದಕ್ಕೆ ನಮ್ಮ ಸಂಸ್ಕೃತಿಯಲ್ಲಿ ಎರಡು ಮುಖಗಳಿವೆ. ಸಾಲವನ್ನೂ ಬೆಂಕಿಯನ್ನೂ ಹಗೆಯನ್ನೂ ಶೇಷ ಉಳಿಸಬಾರದು ಎಂಬುದು ಹಿರಿಯರ ಮಾತು. ಅಲ್ಲಿ ಶೇಷವೆಂದರೆ ಮುಂದೆ ಬೆಳೆದು ಕಾಡುವ ಅಪಾಯ. ಇನ್ನೊಂದು ಕಡೆ, ದೇವರಿಗೆ ಅರ್ಪಿಸಿ ಉಳಿದದ್ದು ಪ್ರಸಾದ. ಮಠಗಳಲ್ಲಿ ಗೌರವದಿಂದ ಹೊದಿಸುವ ಬಟ್ಟೆ ಶೇಷವಸ್ತ್ರ. ವಿಷ್ಣುವಿನ ಹಾಸಿಗೆಯಾದ ಆದಿಶೇಷನ ಹೆಸರಿನ ಅರ್ಥವೂ ಉಳಿದವನು ಎಂದೇ. ಉಳಿದದ್ದು ಕಸವಲ್ಲ ಎಂಬ ತಿಳಿವಳಿಕೆ ಭಾಷೆಯಲ್ಲೇ ಇದೆ.

ಪಂಚಾಂಗದ ಲೆಕ್ಕ ನಿಂತಿರುವುದೇ ಶೇಷದ ಮೇಲೆ. ವರ್ಷದ 365 ದಿನಗಳನ್ನು ವಾರದ 7 ದಿನಗಳಿಂದ ಭಾಗಿಸಿದರೆ 52 ವಾರ ಹೋಗಿ ಒಂದು ದಿನ ಉಳಿಯುತ್ತದೆ. ಆ ಒಂದು ದಿನದ ದೆಸೆಯಿಂದಲೇ ಈ ವರ್ಷ ಸೋಮವಾರ ಬಂದ ತಾರೀಖು ಮುಂದಿನ ವರ್ಷ ಮಂಗಳವಾರ ಬರುತ್ತದೆ. ನಡುವೆ ಫೆಬ್ರವರಿ 29 ಬಂದರೆ ಎರಡು ದಿನ ಉಳಿದು ಬುಧವಾರಕ್ಕೆ ಹಾರುತ್ತದೆ. 1947ರ ಆಗಸ್ಟ್ 15 ಶುಕ್ರವಾರ. 1948ರ ಆಗಸ್ಟ್ 15 ಭಾನುವಾರ. ನಡುವಿನ ಶನಿವಾರವನ್ನು ದಾಟಿಸಿದ್ದು 1948ರ ಅಧಿಕ ದಿನ.

ಯುಗಾದಿಯಂದು ಕೇಳಿಬರುವ ಸಂವತ್ಸರದ ಹೆಸರನ್ನೂ ಹೀಗೆಯೇ ಕಂಡುಹಿಡಿಯಬಹುದು. ಪ್ರಭವದಿಂದ ಅಕ್ಷಯದವರೆಗೆ 60 ಸಂವತ್ಸರಗಳು. ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಬೇಕು. ಬಂದ ಶೇಷವೇ ಸಂವತ್ಸರದ ಸಂಖ್ಯೆ. ಶೇಷ ಸೊನ್ನೆಯಾದರೆ ಅದು ಅರವತ್ತನೆಯದಾದ ಅಕ್ಷಯ. ಕ್ರಿ.ಶ. 2025ರ ಯುಗಾದಿಗೆ ಆರಂಭವಾದದ್ದು ಶಕ 1947. ಹನ್ನೆರಡು ಕೂಡಿಸಿದರೆ 1959. ಅರವತ್ತರಿಂದ ಭಾಗಿಸಿದರೆ ಭಾಗಲಬ್ಧ 32, ಶೇಷ 39. ಪಟ್ಟಿಯಲ್ಲಿ 39ನೆಯ ಹೆಸರು ವಿಶ್ವಾವಸು.

ಇಲ್ಲಿ 32 ಎಂಬ ಭಾಗಲಬ್ಧ ಯಾರಿಗೂ ಬೇಡ. ಆದರೆ ಅದೇ ಅಂಕಿ ಶಾಸನ ಓದುವವರಿಗೆ ಬಲು ಮುಖ್ಯ. ನಮ್ಮ ಶಾಸನಗಳಲ್ಲಿ ಸಾಮಾನ್ಯವಾಗಿ ಶಕವರ್ಷ ಮತ್ತು ಸಂವತ್ಸರದ ಹೆಸರು ಎರಡೂ ಇರುತ್ತವೆ. ಶಕವರ್ಷದ ಅಂಕಿ ಸವೆದುಹೋಗಿ ಸಂವತ್ಸರದ ಹೆಸರಷ್ಟೇ ಉಳಿದಿದ್ದರೆ, ಸಂಶೋಧಕರ ಕೈಯಲ್ಲಿರುವುದು ಬರೀ ಶೇಷ. ಶಾಸನ ಈ ಆವರ್ತದ್ದೋ, 60 ವರ್ಷ ಹಿಂದಿನದೋ, 120 ವರ್ಷ ಹಿಂದಿನದೋ ಎಂದು ತಿಳಿಯಬೇಕಾದರೆ ದೊರೆಯ ಹೆಸರು, ಲಿಪಿಯ ಸ್ವರೂಪ, ಉಲ್ಲೇಖಗೊಂಡ ವ್ಯಕ್ತಿಗಳು ಇವನ್ನೆಲ್ಲ ನೋಡಬೇಕು. ಯುಗಾದಿಯ ದಿನ ಶೇಷ ಬೇಕು, ಶಾಸನದ ಮುಂದೆ ಭಾಗಲಬ್ಧ ಬೇಕು. ಭಾಗಾಕಾರ ಒಂದೇ, ಕೇಳುವ ಪ್ರಶ್ನೆ ಬೇರೆ.

ಕಾಡಿನಂಚಿನ ಬಾಳೆಹಣ್ಣು

ಶೇಷದ ಮೇಲೆ ತಲೆ ಕೆಡಿಸಿಕೊಂಡವರಲ್ಲಿ ನಮ್ಮ ನಾಡಿನ ಹಳೆಯ ಗಣಿತಜ್ಞರಿದ್ದಾರೆ. ಕ್ರಿ.ಶ. 850ರ ಸುಮಾರಿಗೆ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ಗ್ರಂಥದ ಆರಂಭದಲ್ಲಿ ಆ ದೊರೆಯ ಸ್ತುತಿಯಿದೆ. ನೃಪತುಂಗನ ರಾಜಧಾನಿ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ.

ಅದರಲ್ಲಿ ಒಂದು ಲೆಕ್ಕವಿದೆ. ಕಾಡಿನ ಅಂಚಿಗೆ ದಣಿದ 23 ಪಯಣಿಗರು ಬರುತ್ತಾರೆ. ಅಲ್ಲಿ ಬಾಳೆಹಣ್ಣಿನ 63 ಸಮನಾದ ರಾಶಿಗಳಿವೆ, ಬಿಡಿಯಾಗಿ 7 ಹಣ್ಣುಗಳಿವೆ. ಎಲ್ಲವನ್ನೂ 23 ಮಂದಿ ಸಮನಾಗಿ ಹಂಚಿಕೊಂಡಾಗ ಏನೂ ಉಳಿಯಲಿಲ್ಲ. ಒಂದು ರಾಶಿಯಲ್ಲಿ ಎಷ್ಟು ಹಣ್ಣಿದ್ದವು?

ರಾಶಿಗೆ ಒಂದೇ ಹಣ್ಣು ಎಂದು ಹಿಡಿದರೆ ಒಟ್ಟು 70. ಹಂಚಿದರೆ 1 ಉಳಿಯುತ್ತದೆ. ರಾಶಿಗೆ ಎರಡಾದರೆ 133, ಉಳಿಯುವುದು 18. ಮೂರಾದರೆ 196, ಉಳಿಯುವುದು 12. ನಾಲ್ಕಾದರೆ 259, ಉಳಿಯುವುದು 6. ಐದಾದರೆ 322, ತಲೆಗೆ 14ರಂತೆ ಹಂಚಿದರೆ ಒಂದೂ ಉಳಿಯುವುದಿಲ್ಲ. ರಾಶಿಗೆ 5 ಎಂಬುದು ಅತ್ಯಂತ ಚಿಕ್ಕ ಉತ್ತರ. ಹೀಗೆ ಒಂದೊಂದನ್ನೇ ಹಿಡಿದು ನೋಡುವ ಬದಲು ಶೇಷಗಳನ್ನೇ ಮತ್ತೆ ಮತ್ತೆ ಭಾಗಿಸುತ್ತ ಹೋಗಿ ಉತ್ತರ ಹಿಡಿಯುವ ವಿಧಾನವೇ ಕುಟ್ಟಕ. ಕುಟ್ಟಿ ಪುಡಿ ಮಾಡುವುದು ಎಂಬ ಅರ್ಥದ ಹೆಸರು. ಇದರ ಮೂಲ ಕ್ರಿ.ಶ. 499ರ ಆರ್ಯಭಟನಲ್ಲಿದೆ.

ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ಗಣಿತ ಗ್ರಂಥ ಬರೆದಾಗ ಅದಕ್ಕೆ ಇಟ್ಟ ಹೆಸರು ‘ವ್ಯವಹಾರಗಣಿತ’. ಗಣಿತ ವ್ಯವಹಾರದ ನಡುವೆ ಇರಬೇಕಾದದ್ದು ಎಂಬ ಭಾವನೆ ಆ ಹೆಸರಿನಲ್ಲೇ ಇದೆ. ಮಹಾವೀರನ ಲೆಕ್ಕದಲ್ಲೂ ಬರುವುದು ಬರಿಯ ಅಂಕಿಗಳಲ್ಲ, ಹಸಿದ ಪಯಣಿಗರು.

ಒಂದು ಪೈಸೆಯ ಕಥೆ

ಶೇಷ ಬಾರದಂತೆ ಮಾಡಲು ಇನ್ನೊಂದು ಉಪಾಯವೂ ಉಂಟು. ಅಳತೆಯನ್ನೇ ಹಂಚಿಕೆಗೆ ತಕ್ಕಂತೆ ಮಾಡಿಕೊಳ್ಳುವುದು. ಹಳೆಯ ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಅಂದರೆ ರೂಪಾಯಿಗೆ 192 ಪೈ. ಒಂದು ರೂಪಾಯಿಯನ್ನು ಮೂವರಿಗೆ ಹಂಚಿದರೆ ತಲೆಗೆ ಐದಾಣೆ ನಾಲ್ಕು ಪೈ, ಏನೂ ಉಳಿಯುವುದಿಲ್ಲ. ಅರ್ಧ, ಕಾಲು, ಅರೆಕಾಲು ಯಾವುದಕ್ಕೂ ಅದು ಬಗ್ಗುತ್ತಿತ್ತು.

1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಬಂದು ರೂಪಾಯಿಗೆ 100 ನಯಾಪೈಸೆಯಾಯಿತು. ಕಾಗದದ ಮೇಲೆ ಲೆಕ್ಕ ಬಹಳ ಸುಲಭವಾಯಿತು, ಸಂದೇಹವಿಲ್ಲ. ಆದರೆ ಮೂವರಿಗೆ ಹಂಚಿದರೆ ತಲೆಗೆ 33 ಪೈಸೆ ಬಂದು ಒಂದು ಪೈಸೆ ಉಳಿಯತೊಡಗಿತು. ಒಂದಾಣೆಗೆ ಸರಿಯಾಗಿ ಬರುವುದು ಆರೂಕಾಲು ನಯಾಪೈಸೆ. ಆ ಕಾಲು ಪೈಸೆಗೆ ನಾಣ್ಯವಿರಲಿಲ್ಲ.

ಮುಂದೆ ಚಿಕ್ಕ ನಾಣ್ಯಗಳೇ ಮಾಯವಾದವು. 25 ಪೈಸೆ ಮತ್ತು ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯಗಳ ಚಲಾವಣೆ 2011ರ ಜೂನ್ 30ರಿಂದ ನಿಂತಿತು. ಉಳಿದ ಚಿಲ್ಲರೆಗೆ ಬದಲಾಗಿ ಅಂಗಡಿಯಾತ ಕೈಗಿಡುವ ಚಾಕೊಲೇಟು ಎಲ್ಲರಿಗೂ ಪರಿಚಿತ. ಅದೂ ಶೇಷದ ಬಗ್ಗೆ ಒಂದು ತೀರ್ಮಾನವೇ. ಆದರೆ ಆ ತೀರ್ಮಾನವನ್ನು ಗಿರಾಕಿ ಮಾಡಿದ್ದಲ್ಲ.

ಕಂತಿನ ವ್ಯವಹಾರದಲ್ಲಿ ಇದಕ್ಕಿಂತ ನೇರವಾದ ದಾರಿಯಿದೆ. 10,000 ರೂಪಾಯಿಯನ್ನು 12 ಕಂತುಗಳಲ್ಲಿ ತೀರಿಸಬೇಕಾದರೆ 833 ರೂಪಾಯಿಯಂತೆ 11 ಕಂತು ಕಟ್ಟಿ, ಕೊನೆಯ ಕಂತನ್ನು 837 ಮಾಡಿದರಾಯಿತು. ಉಳಿದ ನಾಲ್ಕು ರೂಪಾಯಿ ಎಲ್ಲಿ ಸೇರಿತೆಂಬುದು ಇಬ್ಬರಿಗೂ ಕಾಣುತ್ತದೆ. ಪುಸ್ತಕದಲ್ಲಿ ಬರೆದಿಟ್ಟ ಶೇಷಕ್ಕೆ ಜಗಳವಿಲ್ಲ.

ಮನುಷ್ಯರನ್ನು ಭಾಗಿಸುವಾಗ

ಹೋಳಿಗೆ, ಬಟ್ಟೆ, ಪೈಸೆಗಳ ಮಟ್ಟದಲ್ಲಿ ತಪ್ಪಿದರೆ ನಷ್ಟ ಅಲ್ಪ. ಭಾಗಾಕಾರ ಸರ್ಕಾರದ ಕಡತಕ್ಕೆ ಬಂದಾಗ ಮಾತು ಬೇರೆ. ಅಲ್ಲಿ ಶೇಷದ ಜಾಗದಲ್ಲಿ ಮನುಷ್ಯರು ನಿಂತಿರುತ್ತಾರೆ.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನು ನೋಡಿ. ಒಂದರಿಂದ ಐದನೆಯ ತರಗತಿವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು; 61ರಿಂದ 90ರವರೆಗೆ ಮೂವರು. ಮೂವತ್ತು ಮಕ್ಕಳಿಗೆ ಒಬ್ಬ ಶಿಕ್ಷಕ ಎಂಬುದು ಇದರ ಹಿಂದಿನ ಲೆಕ್ಕ. 61ನ್ನು 30ರಿಂದ ಭಾಗಿಸಿದರೆ ಶೇಷ 1. ಆ ಒಂದು ಮಗುವಿಗಾಗಿ ಕಾನೂನು ಮೂರನೆಯ ಶಿಕ್ಷಕರನ್ನು ಕೊಡುತ್ತದೆ. ಜಾರಿ ಹೇಗಿದೆ ಎಂಬುದು ಬೇರೆ ಪ್ರಶ್ನೆ. ಕಾನೂನು ಬರೆದವರು ಮಾತ್ರ ಶೇಷವನ್ನು ಏನು ಮಾಡಬೇಕೆಂದು ಮೊದಲೇ ಯೋಚಿಸಿ ಬರೆದರು.

ಇನ್ನೊಂದು ಉದಾಹರಣೆ ವಿಧಾನಸೌಧದ್ದು. 2003ರ ಸಂವಿಧಾನದ 91ನೆಯ ತಿದ್ದುಪಡಿಯ ಪ್ರಕಾರ ರಾಜ್ಯದ ಮಂತ್ರಿಗಳ ಸಂಖ್ಯೆ, ಮುಖ್ಯಮಂತ್ರಿಯೂ ಸೇರಿ, ವಿಧಾನಸಭೆಯ ಸದಸ್ಯಬಲದ ಶೇಕಡ 15ನ್ನು ಮೀರಬಾರದು. ಕರ್ನಾಟಕದಲ್ಲಿ ಆಯ್ಕೆಯಾಗುವ ಶಾಸಕರು 224. ಅದರ ಶೇಕಡ 15 ಎಂದರೆ 33.6. ‘ಮೀರಬಾರದು’ ಎಂಬ ಪದವನ್ನು ಅಕ್ಷರಶಃ ಹಿಡಿದರೆ 33ಕ್ಕೆ ನಿಲ್ಲಬೇಕು. ಆದರೆ ನಡೆದುಬಂದ ಎಣಿಕೆ 34. 2023ರ ಮೇ ತಿಂಗಳಲ್ಲಿ ಸಂಪುಟ ವಿಸ್ತರಣೆಯಾದಾಗ 34 ಸ್ಥಾನಗಳೂ ಭರ್ತಿಯಾದವು. ಮಂತ್ರಿಗಿರಿಯ ವಿಷಯದಲ್ಲಿ 0.6 ಎಂಬುದು ಪೂರ್ತಿ ಒಂದಾಯಿತು.

ಈಗ ವಿಶ್ವವಿದ್ಯಾಲಯಕ್ಕೆ ಬನ್ನಿ. ಕೇಂದ್ರ ಸರ್ಕಾರದ ನೇಮಕದಲ್ಲಿ ಹಿಂದುಳಿದ ವರ್ಗಗಳಿಗೆ ಶೇಕಡ 27, ಪರಿಶಿಷ್ಟ ಜಾತಿಗೆ ಶೇಕಡ 15, ಪರಿಶಿಷ್ಟ ಪಂಗಡಕ್ಕೆ ಶೇಕಡ 7.5 ಮೀಸಲಾತಿ. ಹುದ್ದೆಯನ್ನು ತುಂಡು ಮಾಡಲಾಗದು. ಆದ್ದರಿಂದ ರೋಸ್ಟರ್ ಎಂಬ ಸರದಿ ಪಟ್ಟಿಯಿದೆ. ಪ್ರತಿ ಹುದ್ದೆ ಸೇರಿದಾಗಲೂ ಪಾಲನ್ನು ಕೂಡಿಸುತ್ತ ಹೋಗುವುದು, ಅದು ಒಂದನ್ನು ಮುಟ್ಟಿದಾಗ ಆ ಹುದ್ದೆಯನ್ನು ಮೀಸಲಿಡುವುದು ಇದರ ಕ್ರಮ. 27ರ ಪಾಲು ನಾಲ್ಕನೆಯ ಹುದ್ದೆಗೆ ಒಂದನ್ನು ದಾಟುತ್ತದೆ; ನಾಲ್ಕನೆಯದು ಹಿಂದುಳಿದ ವರ್ಗಕ್ಕೆ. 15ರ ಪಾಲು ಏಳನೆಯದಕ್ಕೆ ದಾಟುತ್ತದೆ. ಏಳನೆಯದು ಪರಿಶಿಷ್ಟ ಜಾತಿಗೆ. 7.5ರ ಪಾಲು ಹದಿನಾಲ್ಕನೆಯದಕ್ಕೆ. ಅದು ಪರಿಶಿಷ್ಟ ಪಂಗಡಕ್ಕೆ. ಶೇಷವನ್ನು ಎಸೆಯದೆ ಮುಂದಿನ ಪುಟಕ್ಕೆ ಒಯ್ಯುವ ಜಾಣತನ ಇದು. ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಹಿಂದಿನ ಬಾಕಿಯನ್ನು ಮುಂದಕ್ಕೆ ತರುವಂತೆಯೇ.

ಈ ಲೆಕ್ಕವನ್ನು ಎಲ್ಲಿಂದ ಎಲ್ಲಿಯವರೆಗೆ ಕೂಡಿಸಬೇಕು? ಇಡೀ ವಿಶ್ವವಿದ್ಯಾಲಯವನ್ನು ಒಂದು ಘಟಕವಾಗಿ ಹಿಡಿಯಬೇಕೋ, ಒಂದೊಂದು ವಿಭಾಗವನ್ನೋ? 2017ರ ಏಪ್ರಿಲ್‌ನಲ್ಲಿ ಅಲಹಾಬಾದ್ ಹೈಕೋರ್ಟ್ ವಿಭಾಗವೇ ಘಟಕ ಎಂದು ತೀರ್ಪು ಕೊಟ್ಟಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲಿಲ್ಲ.

ಮೇಲ್ನೋಟಕ್ಕೆ ಇದು ಕಚೇರಿಯ ಕ್ರಮದ ಮಾತಿನಂತೆ ಕಾಣುತ್ತದೆ. ಲೆಕ್ಕ ಹಾಕಿದರೆ ತಿಳಿಯುತ್ತದೆ. ಮೂರು ಹುದ್ದೆಗಳ ವಿಭಾಗದಲ್ಲಿ ಹಿಂದುಳಿದ ವರ್ಗದ ಪಾಲು 0.81, ಸಿಗುವ ಹುದ್ದೆ ಸೊನ್ನೆ. ಆರು ಹುದ್ದೆಗಳ ವಿಭಾಗದಲ್ಲಿ ಪರಿಶಿಷ್ಟ ಜಾತಿಯ ಪಾಲು 0.9; ಸೊನ್ನೆ. ಹದಿಮೂರು ಹುದ್ದೆಗಳಿದ್ದರೂ ಪರಿಶಿಷ್ಟ ಪಂಗಡದ ಪಾಲು 0.975, ಆಗಲೂ ಸೊನ್ನೆ. ಹುದ್ದೆ ಖಾಲಿಯಾದಾಗ ಸರದಿ ಮುಂದುವರಿಯುತ್ತದೆ ನಿಜ. ಆದರೆ ಒಮ್ಮೆ ತುಂಬಿದ ಅಧ್ಯಾಪಕ ಹುದ್ದೆ ಖಾಲಿಯಾಗಲು ದಶಕಗಳೇ ಬೇಕಾಗಬಹುದು. ಆರು ಹುದ್ದೆಗಳ ಹತ್ತು ವಿಭಾಗಗಳನ್ನು ಬಿಡಿಬಿಡಿಯಾಗಿ ಎಣಿಸಿದರೆ ಮೊದಲ ನೇಮಕದಲ್ಲಿ ಪರಿಶಿಷ್ಟ ಜಾತಿಗೆ ಒಂದೂ ಇಲ್ಲ. ಅದೇ 60 ಹುದ್ದೆಗಳನ್ನು ಒಟ್ಟಿಗೆ ಎಣಿಸಿದರೆ ಒಂಬತ್ತು. ಶೇಕಡವಾರು ಪ್ರಮಾಣ ಬದಲಾಗಿಲ್ಲ, ಕಾನೂನಿನಲ್ಲಿ ಬರೆದ ಅಂಕಿ ಬದಲಾಗಿಲ್ಲ. ಪ್ರತಿ ಸಾಲಿನ ಕೊನೆಯಲ್ಲಿ ಶೇಷವನ್ನು ಅಳಿಸಿದ್ದಷ್ಟೇ ವ್ಯತ್ಯಾಸ.

ದೇಶದಾದ್ಯಂತ ಅಧ್ಯಾಪಕರೂ ವಿದ್ಯಾರ್ಥಿಗಳೂ ಪ್ರತಿಭಟಿಸಿದರು. 2019ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ಅದೇ ವರ್ಷ ಸಂಸತ್ತು ಅದನ್ನು ಕಾಯ್ದೆಯಾಗಿ ಅಂಗೀಕರಿಸಿತು. ಕೇಂದ್ರೀಯ ಶಿಕ್ಷಣ ಸಂಸ್ಥೆಗಳಲ್ಲಿ ಇಡೀ ಸಂಸ್ಥೆಯೇ ಘಟಕ ಎಂಬುದು ಈಗ ಕಾನೂನು.

ಮೀಸಲಾತಿಯ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಈ ಪ್ರಕರಣ ಹೇಳುವ ಗಣಿತದ ಮಾತು ಎಲ್ಲರಿಗೂ ಒಂದೇ. ಶೇಷವನ್ನು ಒಂದು ಸಲ ಕೈಬಿಟ್ಟರೆ ಅದು ಚಿಲ್ಲರೆ. ಪ್ರತಿ ಸಲವೂ ಅದೇ ಕಡೆಯವರದನ್ನು ಕೈಬಿಟ್ಟರೆ ಅದು ಅನ್ಯಾಯ. 33.6ನ್ನು 34 ಮಾಡುವ ಕೈ, 0.975ನ್ನು ಸೊನ್ನೆ ಮಾಡುವಾಗ ಒಮ್ಮೆಯಾದರೂ ತಡೆದು ಯೋಚಿಸಬೇಕು.

ಇನ್ನೊಂದು ಸಾಲು

ಇದನ್ನು ಕಲಿಸಲು ದೊಡ್ಡ ಪಠ್ಯಕ್ರಮ ಬೇಕಿಲ್ಲ. ಮಗು ಭಾಗಾಕಾರ ಮುಗಿಸಿ ‘ಶೇಷ ಇಷ್ಟು’ ಎಂದು ಬರೆದ ಮೇಲೆ ಇನ್ನೊಂದು ಸಾಲು ಬರೆಯಲಿ: ‘ಉಳಿದದ್ದನ್ನು ಹೀಗೆ ಮಾಡಬೇಕು, ಏಕೆಂದರೆ...’ ಹೋಳಿಗೆಯಾದರೆ ಮುರಿಯಬಹುದು ಎನ್ನಲಿ, ಬುಗುರಿಯಾದರೆ ಸರದಿಯಲ್ಲಿ ಆಡಬಹುದು ಎನ್ನಲಿ, ಯಾತ್ರಿಕನಾದರೆ ಇನ್ನೊಂದು ಕೋಣೆ ಬೇಕು ಎನ್ನಲಿ. ಶಿಕ್ಷಕರು ಅಂಕಿಗೆ ಕೊಡುವಷ್ಟೇ ಅಂಕವನ್ನು ಆ ಸಾಲಿಗೂ ಕೊಡಲಿ. ಮನೆಯಲ್ಲಿ ಹಣ್ಣು ಹಂಚುವಾಗ, ಪ್ರವಾಸಕ್ಕೆ ಗಾಡಿ ಗೊತ್ತುಮಾಡುವಾಗ ತಂದೆತಾಯಿ ಮಕ್ಕಳನ್ನೇ ಕೇಳಲಿ.

ಭಾಗಿಸುವ ಕೆಲಸವನ್ನು ಇಂದು ಅಂಗೈಯಗಲದ ಯಂತ್ರ ಕಣ್ಣು ಮಿಟುಕಿಸುವುದರೊಳಗೆ ಮಾಡುತ್ತದೆ. ಅದನ್ನು ಕೇಳಿದರೆ 1128 ಸೈನಿಕರಿಗೆ ಬೇಕಾದ ಬಸ್ಸುಗಳು 31.3333 ಎನ್ನುತ್ತದೆ. ಆ ಚುಕ್ಕೆಯ ಬಲಗಡೆ ಇರುವುದು 12 ಮಂದಿ ಎಂಬುದು ಯಂತ್ರಕ್ಕೆ ತಿಳಿಯದು. ಅದನ್ನು ನೋಡಿ ಇನ್ನೊಂದು ಬಸ್ಸು ತರಿಸುವುದು ಲೆಕ್ಕ ಕಲಿತವರ ಕೆಲಸ.